ಸಣ್ಣ ಊರಿನ ಸರ್ಕಾರಿ ಶಾಲೆಗೆ ಮಗಳನ್ನು ಸೇರಿಸಬಹುದಾ?

ಬೆಂಗಳೂರು ಬಿಟ್ಟು ತಾಲ್ಲೂಕು ಊರಿಗೆ ಬರುತ್ತಿದ್ದೇವೆ, ಮಗಳನ್ನು ಒಂದನೇ ಕ್ಲಾಸಿಗೆ ಸರ್ಕಾರಿ ಶಾಲೆಗೆ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ. ಆದರೆ ಗೋಡೆಯ ಬಣ್ಣ ನೋಡಿ ಮರುಳಾಗಬೇಡಿ, ಟೀಚರ್ ಎಷ್ಟು ಜನ ಇದ್ದಾರೆ ಅಂತ ಎಣಿಸಿ.

ನನ್ನ ಮಗ ನಮ್ಮೂರಿನ ಸರ್ಕಾರಿ ಶಾಲೆಯಲ್ಲೇ ಐದನೇ ಕ್ಲಾಸು. ಮೊದಲ ಮೂರು ವರ್ಷ ನಲಿ-ಕಲಿ ಅನ್ನೋ ಪದ್ಧತಿಯ ಪಾಠ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತಿರುತ್ತಾರೆ, ಆ ಗುಂಪಿಗೆ ತಟ್ಟೆ ಅನ್ನುತ್ತಾರೆ. ಮೊದಲ ದಿನ ನೋಡಿ ಇದೇನು ಸಂತೆಯಾ ಅಂದುಕೊಂಡಿದ್ದೆ. ಆಮೇಲೆ ಅರ್ಥವಾಯಿತು, ಪ್ರತಿ ಮಗುವೂ ತನ್ನ ಪಾಠದ ಕಾರ್ಡು ಹುಡುಕಿಕೊಂಡು ತಾನಿರುವ ಮೆಟ್ಟಿಲಿಂದ ಮುಂದಕ್ಕೆ ಹೋಗುತ್ತದೆ. ಇವನಿಗೆ ಜ್ವರ ಬಂದು ಹತ್ತು ದಿನ ತಪ್ಪಿದಾಗ ನೋಟ್ಸ್ ಕಾಪಿ ಮಾಡೋ ಗೋಳೇ ಇರಲಿಲ್ಲ, ಬಿಟ್ಟಲ್ಲಿಂದಲೇ ಶುರು ಮಾಡಿದ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಇದು.

ತೊಂದರೆ ಆಗಿದ್ದು ನಾಲ್ಕನೇ ಕ್ಲಾಸಲ್ಲಿ. ಗಣಿತದ ಮೇಡಂಗೆ ವರ್ಗ ಆಯಿತು, ಅತಿಥಿ ಶಿಕ್ಷಕರು ಬರೋ ಹೊತ್ತಿಗೆ ಆಗಸ್ಟ್. ಭಾಗಾಕಾರ ಮನೆಯಲ್ಲಿ ನಾನೇ ಹೇಳಿಕೊಟ್ಟೆ.

ಇಲ್ಲೊಂದು ಲೆಕ್ಕ ಇದೆ, ಸುಮಾರು ಜನರಿಗೆ ಗೊತ್ತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರ್ ಇದ್ದರೆ ಸಾಕು. ಕೇಳೋಕೆ ಚೆನ್ನಾಗಿದೆ, ಅಲ್ವಾ? ಆದರೆ ಕ್ಲಾಸು ಐದು, ಜನ ಇಬ್ಬರು, ಅವರಲ್ಲೊಬ್ಬರು ಚುನಾವಣೆಗೋ ಗಣತಿಗೋ ಹೋದರೆ ಉಳಿಯೋದು ಒಬ್ಬರು. ಇದನ್ನು ನೋಡಿ ನಾಲ್ಕು ಮನೆಯವರು ಮಕ್ಕಳನ್ನು ಕಾನ್ವೆಂಟಿನ ವ್ಯಾನು ಹತ್ತಿಸುತ್ತಾರೆ, ಮಕ್ಕಳು ಕಮ್ಮಿಯಾದರು ಅಂತ ಇರುವ ಹುದ್ದೆಯೂ ಹೆಚ್ಚುವರಿ ಅನಿಸಿಕೊಂಡು ಬೇರೆ ಶಾಲೆಗೆ ಹೋಗುತ್ತದೆ. ಹಾಗಾಗಿ ಮಕ್ಕಳು ಜಾಸ್ತಿ ಇರೋ ಶಾಲೆಯನ್ನೇ ಹುಡುಕಿ.

ನಿಮ್ಮೂರಲ್ಲಿ ಕರ್ನಾಟಕ ಪಬ್ಲಿಕ್ ಸ್ಕೂಲ್ ಇದ್ದರೆ ಮೊದಲು ಅಲ್ಲಿ ವಿಚಾರಿಸಿ. ಒಂದೇ ಕಡೆ ಪಿಯುಸಿವರೆಗೂ ಆಗುತ್ತದೆ, ಇಂಗ್ಲಿಷ್ ಮಾಧ್ಯಮವೂ ಇರುತ್ತದೆ, ಸೀಟಿಗೆ ನೂಕುನುಗ್ಗಲು. ಬಿಸಿಯೂಟ, ಹಾಲು, ಮೊಟ್ಟೆ ವಿಷಯದಲ್ಲಿ ನನಗೇನೂ ದೂರಿಲ್ಲ, ಮಗ ಮನೆಯ ಸಾರಿಗಿಂತ ಶಾಲೆಯ ಸಾರೇ ರುಚಿ ಅನ್ನುತ್ತಾನೆ! ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ತಪ್ಪದೆ ಹೋಗಿ, ಅದು ಪೋಷಕರದ್ದೇ ಸಮಿತಿ. ನಾವು ನಾಲ್ಕು ಜನ ಹೋಗಿ ಕೂತು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಅರ್ಜಿ ಬರೆಸಿದ ಮೇಲೇ ಅತಿಥಿ ಶಿಕ್ಷಕರು ಬಂದಿದ್ದು.

ಶಾಲೆ ನೋಡೋಕೆ ಜೂನ್ ಮೊದಲ ವಾರ ಹೋಗಬೇಡಿ, ಆಗ ಎಲ್ಲ ಕಡೆ ತೋರಣ. ಜುಲೈಯಲ್ಲಿ ಒಂದು ಮಂಗಳವಾರ ಸುಮ್ನೆ ಹೋಗಿ. ಯಾವ ಟೀಚರ್ ವರ್ಗಾವಣೆ ಕೇಳಿದ್ದಾರೆ ಅಂತ ಅಡುಗೆಯವರನ್ನೇ ವಿಚಾರಿಸಿ, ಅವರಿಗೆ ಎಲ್ಲ ಗೊತ್ತಿರುತ್ತದೆ.