ನಮ್ಮ ಪ್ರಾಣಿನ ನೋಡ್ಕೊಂಡ ಆಸ್ಪತ್ರೆ ಸ್ಟಾಫ್‌ಗೆ ಥ್ಯಾಂಕ್ಸ್ ಹೇಳೋಕೆ ಏನು ಕೊಟ್ರೆ ಚೆನ್ನಾಗಿರುತ್ತೆ?

ಒಂದು ಚೀಟಿ ಬರೆದುಕೊಡಿ. ಅದರಲ್ಲಿ ನೋಡ್ಕೊಂಡವರ ಹೆಸರು, ಅವರು ಮಾಡಿದ ಒಂದು ಕೆಲಸ, ಜೊತೆಗೆ ನಿಮ್ಮ ಪ್ರಾಣಿಯ ಈಗಿನ ಫೋಟೋ ಇರ್ಲಿ. ಸ್ವೀಟ್ ಬಾಕ್ಸ್‌ಗಿಂತ ಇದು ಜಾಸ್ತಿ ಮನಸ್ಸಿಗೆ ಮುಟ್ಟುತ್ತೆ.

ಯಾಕಂದ್ರೆ ನಮಗೆ ಡಾಕ್ಟರ್ ಕಾಣ್ತಾರೆ, ಅವರ ಜೊತೆ ಇರೋ ಟೆಕ್ನಿಷಿಯನ್‌ಗಳ ಕೆಲಸ ಹೆಚ್ಚಾಗಿ ಒಳಗಡೆ ರೂಮಲ್ಲೇ ನಡೆಯುತ್ತೆ. ರಕ್ತ ತೆಗೆಯೋದು, ಕಾಲಿನ ಕೂದಲು ಬೋಳಿಸಿ ಡ್ರಿಪ್ ಹಾಕೋದು, ಆಪರೇಷನ್ ಟೈಮಲ್ಲಿ ಉಸಿರು, ಹಾರ್ಟ್‌ಬೀಟ್, ಒಸಡಿನ ಬಣ್ಣ ನೋಡ್ತಾ ನಿಲ್ಲೋದು, ಅನಸ್ತೇಷಿಯಾದಲ್ಲಿ ಮೈ ತಣ್ಣಗಾಗುತ್ತಲ್ಲ ಅದಕ್ಕೆ ಬೆಚ್ಚಗೆ ಹೊದಿಸಿ ಎಚ್ಚರ ಆಗೋವರೆಗೂ ಪಕ್ಕದಲ್ಲೇ ಇರೋದು, ಇದೆಲ್ಲ ಅವರೇ, ಅದೂ ನೋವಲ್ಲಿರೋ ಪ್ರಾಣಿ ಕಚ್ಚೋಕೆ ಬರ್ತಿದ್ರೂ. ಇಷ್ಟೆಲ್ಲ ಮಾಡಿ ಮನೆಗೆ ಕಳಿಸಿದ್ಮೇಲೆ ಅದು ಹೇಗಿದೆ ಅಂತ ಎಷ್ಟೋ ಸಲ ಅವರಿಗೆ ಗೊತ್ತೇ ಆಗಲ್ಲ.

ನಮ್ಮ ಬೆಕ್ಕಿಗೆ ಮೂತ್ರ ಕಟ್ಟಿ 3 ದಿನ ಅಡ್ಮಿಟ್ ಆಗಿತ್ತು, ಹುಷಾರಾದ್ಮೇಲೆ ಕಿಟಕಿ ಹತ್ರ ಮಲಗಿರೋ ಫೋಟೋ ಕೊಟ್ಟಿದ್ದೆ, ತಿಂಗಳು ಬಿಟ್ಟು ಹೋದ್ರೆ ಔಷಧಿ ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟಿದ್ರು, ನಿಜವಾಗ್ಲೂ ಕಣ್ಣು ತುಂಬಿ ಬಂತು.

ತಿಂಡಿ ಕೊಡೋದಾದ್ರೆ ಬಿಡಿಬಿಡಿ ಪ್ಯಾಕ್ ಇರೋದು ಕೊಡಿ, ನೈಟ್ ಶಿಫ್ಟ್‌ನವರಿಗೂ ಎತ್ತಿಡೋಕೆ ಹೇಳಿ. ಆನ್‌ಲೈನ್ ರಿವ್ಯೂಲಿ ಡಾಕ್ಟರ್ ಜೊತೆ ಇವರ ಕೆಲಸನೂ ಬರೀರಿ.

ಪ್ರಾಣಿ ಉಳೀಲಿಲ್ಲ ಅಂದ್ರೂ ದಯವಿಟ್ಟು ಎರಡು ಸಾಲು ಬರೆದು ಕಳಿಸಿ, ಕೊನೇ ಗಳಿಗೇಲಿ ಅದರ ತಲೆ ಸವರ್ತಾ ಇದ್ದವರು ಅವರೂ ಹೌದು.