ಬಣಕಲ್ ಮಳೆಯ ಲಿಂಕ್ ಬಣಕಲ್ಲಿಗೇ ತೆರೆಯಲು

ಪ್ರಶ್ನೆ: ನಮ್ಮ ಭಾಗದ ಕಾಫಿ ಬೆಳೆಗಾರರಿಗಾಗಿ ಮಳೆ ಲೆಕ್ಕದ ವೆಬ್ ಪುಟವೊಂದನ್ನು ಮಾಡಿದ್ದೇನೆ. ಊರು ಮತ್ತು ತಿಂಗಳನ್ನು ಆರಿಸಿದರೆ ಅಲ್ಲಿ ಎಷ್ಟು ಇಂಚು ಮಳೆಯಾಯಿತೆಂದು ತೋರಿಸುತ್ತದೆ. ಆದರೆ ಬಣಕಲ್‌ನ ಮಾರ್ಚ್ ತಿಂಗಳ ಹೂಮಳೆಯ (ಕಾಫಿ ಗಿಡ ಹೂಬಿಡಲು ಬೇಕಾದ ಮಳೆ) ಪಟ್ಟಿ ತೆರೆದು ಲಿಂಕನ್ನು ವಾಟ್ಸಾಪ್‌ನಲ್ಲಿ ಕಳುಹಿಸಿದರೆ, ಪಡೆದವರಿಗೆ ಏನೂ ಆರಿಸದ ಪುಟವೇ ಕಾಣುತ್ತದೆ. ಬುಕ್‌ಮಾರ್ಕ್ ಮಾಡಿಟ್ಟರೂ ಹಾಗೆಯೇ. ಬ್ಯಾಕ್ ಬಟನ್ ಒತ್ತಿದರೆ ಪುಟದಿಂದಲೇ ಹೊರಬೀಳುತ್ತೇವೆ. ಪರಿಹಾರವೇನು?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ನೀವು ಊರನ್ನು ಆರಿಸಿದಾಗ ಜಾವಾಸ್ಕ್ರಿಪ್ಟ್ ಪಟ್ಟಿಯನ್ನಷ್ಟೇ ಬದಲಿಸುತ್ತದೆ, ಅಡ್ರೆಸ್ ಬಾರ್‌ನಲ್ಲಿರುವ ವಿಳಾಸ ಮೊದಲಿನಂತೆಯೇ ಉಳಿಯುತ್ತದೆ. ಬುಕ್‌ಮಾರ್ಕಿನಲ್ಲಿ ಉಳಿಯುವುದು ಆ ವಿಳಾಸವೇ ಹೊರತು ತೆರೆಯ ಮೇಲೆ ಕಂಡ ಅಂಕಿಗಳಲ್ಲ. ಆದ್ದರಿಂದ ಆಯ್ಕೆಗಳೆಲ್ಲ ವಿಳಾಸದೊಳಗೆ ಬರಬೇಕು.

ಹಿಂದೆ ಇದಕ್ಕೆ ವಿಳಾಸದ ಕೊನೆಯಲ್ಲಿ ಹ್ಯಾಶ್ (#) ಚಿಹ್ನೆಯನ್ನು ಬಳಸುತ್ತಿದ್ದರು. ಅದರ ನಂತರದ ಭಾಗ ಸರ್ವರ್‌ಗೆ ಹೋಗುವುದಿಲ್ಲ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5ರಲ್ಲಿ ಬಂದ ಜಾವಾಸ್ಕ್ರಿಪ್ಟ್ ಆದೇಶ ಪುಶ್‌ಸ್ಟೇಟ್ ಇನ್ನೂ ಅನುಕೂಲಕರ: ಪುಟವನ್ನು ಮತ್ತೆ ತರಿಸದೆಯೇ ವಿಳಾಸವನ್ನು ಬದಲಿಸಿ, ಬ್ರೌಸರ್ ಇತಿಹಾಸಕ್ಕೊಂದು ಹೆಜ್ಜೆ ಸೇರಿಸುತ್ತದೆ. ಊರು, ತಿಂಗಳುಗಳನ್ನು ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರೆಯಿರಿ. ಅದರ ಬದಲು ಓರೆಗೆರೆ (/) ಹಾಕಿ ಹೊಸ ಹೊಸ ಹಾದಿಗಳನ್ನು ಸೃಷ್ಟಿಸಿದರೆ, ಅವನ್ನು ನೇರವಾಗಿ ತೆರೆದವರಿಗೆ ಸರ್ವರ್ 404, ಅಂದರೆ ಪುಟ ಸಿಗಲಿಲ್ಲ, ಎಂದುಬಿಡಬಹುದು.

ಹೆಚ್ಚಿನವರು ಎಡವುವುದು ವಿಳಾಸವನ್ನು ಬರೆಯುವುದರಲ್ಲಲ್ಲ, ಓದುವುದರಲ್ಲಿ. ವಿಳಾಸವನ್ನು ಓದಿ ಅದರಂತೆ ಪಟ್ಟಿ ಬಿಡಿಸುವ ಒಂದೇ ಫಂಕ್ಷನ್ ಬರೆದು, ಪುಟ ತೆರೆದಾಗ, ಬ್ಯಾಕ್ ಬಟನ್ ಒತ್ತಿದಾಗ ಬರುವ ಪಾಪ್‌ಸ್ಟೇಟ್ ಸೂಚನೆ ಸಿಕ್ಕಾಗ ಮತ್ತು ಪುಶ್‌ಸ್ಟೇಟ್ ಕರೆದ ಬೆನ್ನಿಗೆ, ಹೀಗೆ ಮೂರೂ ಕಡೆ ಅದನ್ನೇ ಬಳಸಿ. ಪುಶ್‌ಸ್ಟೇಟ್ ತಾನಾಗಿ ಪಾಪ್‌ಸ್ಟೇಟನ್ನು ಎಬ್ಬಿಸುವುದಿಲ್ಲವಾದ್ದರಿಂದ ಮೂರನೆಯದನ್ನು ಮರೆಯುವಂತಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ಟೈಪ್ ಮಾಡುವ ಪ್ರತಿ ಅಕ್ಷರಕ್ಕೂ ಇತಿಹಾಸದಲ್ಲಿ ಹೆಜ್ಜೆ ಬೇಡ. ಅಲ್ಲಿ ಹೆಜ್ಜೆ ಸೇರಿಸದೆ ವಿಳಾಸವನ್ನಷ್ಟೇ ಬದಲಿಸುವ ರಿಪ್ಲೇಸ್‌ಸ್ಟೇಟ್ ಸಾಕು.

ಊರಿನ ಹೆಸರನ್ನು ವಿಳಾಸದಲ್ಲಿ ಕನ್ನಡದಲ್ಲೇ ಇಡುವ ಆಸೆ ನನಗೂ ಇದೆ. ಆದರೆ ನಕಲು ಮಾಡಿ ಅಂಟಿಸುವಾಗ ಕನ್ನಡದ ಒಂದೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆಗಳ ಸಹಿತ 9 ಅಕ್ಷರಗಳಾಗಿ ಹಿಗ್ಗಬಹುದು. 'ಬಣಕಲ್' ಒಂದೇ 45 ಅಕ್ಷರವಾಗುತ್ತದೆ. ವಾಟ್ಸಾಪ್‌ನಲ್ಲಿ ಓಡಾಡುವ ಲಿಂಕಿಗೆ ಊರಿಗೊಂದು ಪುಟ್ಟ ಸಂಖ್ಯೆ ಕೊಡುವುದೇ ಮೇಲು.

ಇಸವಿಯನ್ನೂ ವಿಳಾಸದಲ್ಲಿ ತಪ್ಪದೆ ಸೇರಿಸಿ. ಬೆಳೆಗಾರರು ಹೂಮಳೆಯನ್ನು ಹೋಲಿಸುವುದೇ ಹಿಂದಿನ ವರ್ಷದ್ದರೊಡನೆ. ಬರೀ 'ಮಾರ್ಚ್' ಎಂದಿದ್ದರೆ ಈ ವರ್ಷ ಉಳಿಸಿಟ್ಟ ಬುಕ್‌ಮಾರ್ಕ್ ಮುಂದಿನ ವರ್ಷ ಬೇರೆಯೇ ಮಳೆಯನ್ನು ತೋರಿಸುತ್ತದೆ.