ಮೊಹಿತೊಗೆ ಪುನರ್ಪುಳಿ ಹಾಕಿ ನೋಡಿ

ಮೊಹಿತೊ, ಅಂದರೆ ಪುದೀನ, ಲಿಂಬೆ, ರಮ್ ಸೇರಿಸಿ ಮಾಡುವ ಕ್ಯೂಬಾದ ಪಾನೀಯ, ಅದನ್ನು ಬೇರೆ ಥರ ಮಾಡುವುದು ಹೇಗೆ, ಪುದೀನ ಯಾಕೆ ಕಹಿಯಾಗುತ್ತದೆ ಅಂತ ಕೇಳಿದ್ದೀರಲ್ಲ. ಜಜ್ಜಿದ್ದು ಜಾಸ್ತಿಯಾಗಿದೆ ಮಾರಾಯ್ರೆ, ಚಟ್ನಿ ಅಲ್ವಲ್ಲ ಅದು! ಹತ್ತು ಎಲೆ, ಎರಡು ಚಮಚ ಸಕ್ಕರೆ, ಲಿಂಬೆರಸ ಹಾಕಿ ಸೌಟಿನ ಹಿಡಿಯಿಂದ ಸುಮ್ನೆ ಒತ್ತಿ, ಪರಿಮಳ ಬಂದ ಕೂಡಲೇ ನಿಲ್ಲಿಸಿ. ಕ್ಯೂಬಾದವರ ಬಿಳಿ ರಮ್ 45 ಎಂಎಲ್ ಸಾಕು, ಮೇಲೆ ಐಸ್, ಸೋಡಾ. ಇಲ್ಲಿ ಕಾಸರಗೋಡಿನಲ್ಲಿ ನಾನು ಲಿಂಬೆ ಅರ್ಧಕ್ಕೆ ಇಳಿಸಿ, ನಾಲ್ಕೈದು ಒಣ ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿದ ನೀರು ಸೇರಿಸುತ್ತೇನೆ, ಆ ಕೆಂಪಿನ ಮೇಲೆ ಹಸಿರು ಎಲೆ ತೇಲುವುದು ನೋಡಲಿಕ್ಕೇ ಚಂದ. ಸೋಡಾ ಬದಲು ಬೊಂಡದ ನೀರು (ಎಳನೀರು) ಹಾಕಿದರೆ ನನಗೆ ಸಪ್ಪೆ ಅನಿಸಿತು. ಗಾಂಧಾರಿ ಮೆಣಸು ಸೀಳಿ ಒಂದೇ ಹಾಕಿ. ಎರಡು ಹಾಕಿ ಭಾವನ ಕಣ್ಣಲ್ಲಿ ನೀರು ತರಿಸಿದ್ದೇನೆ.